ಮೂರು ದಿನದ ತಂತಿ

ಮೂರನೆಯ ಸಲವೂ ಪರದೆ ಅದನ್ನೇ ಹೇಳಿತು. ಒಳಗಿನ ಕಂಪ್ಯೂಟರ್ ಉತ್ತರಿಸುತ್ತಿಲ್ಲ.

ನಿನ್ನೆ ರಾತ್ರಿಯವರೆಗೆ ಉತ್ತರಿಸುತ್ತಿತ್ತು. ಬೆಳಿಗ್ಗೆ ಶ್ರೀವಾಣಿ ಹೊರಗಾದಳು, ಅದೂ ನಿಂತಿತು. ಹಿಂದಿನ ಎರಡು ತಿಂಗಳೂ ಹೀಗೇ ಆಗಿತ್ತು.

ಚಿತ್ತಾಪುರದ ಆ ಮನೆಯಲ್ಲಿ ತಿಂಗಳಿಗೆ ಮೂರು ದಿನ ಸೊಸೆ ಬೀದಿ ಬದಿಯ ಕೋಣೆಯ ಹೊಸ್ತಿಲು ದಾಟುವಂತಿರಲಿಲ್ಲ. ಆಗಲೂ ಟೈಪಿಂಗ್ ನಿಲ್ಲಬಾರದೆಂದು ಗಂಡ ವಿಠ್ಠಲ್ ಹಳೆಯ ಕಂಪ್ಯೂಟರನ್ನು ಅಲ್ಲಿಟ್ಟು, ಪಡಸಾಲೆಯ ಹೊಸದಕ್ಕೆ ನೇರವಾಗಿ ತಂತಿ ಎಳೆದಿದ್ದ. ಪ್ರಿಂಟರ್ ಕೂಡುವುದು ಹೊಸದಕ್ಕೆ ಮಾತ್ರ. ಇವಳು ಮುಟ್ಟಿದ ಫ್ಲಾಪಿಯನ್ನು ಅತ್ತೆ ನೀರು ಚಿಮುಕಿಸದೆ ಎತ್ತಿಕೊಳ್ಳುವುದಿಲ್ಲ. ನೀರು ಬಿದ್ದ ಫ್ಲಾಪಿ ಯಾವ ಕೆಲಸಕ್ಕೂ ಬಾರದು. ತಂತಿ ಎಳೆದ ದಿನ ಅತ್ತೆ ರುಕ್ಮಿಣಿಬಾಯಿ ಬಹಳ ಹೊತ್ತು ಅದನ್ನೇ ನೋಡುತ್ತ ನಿಂತಿದ್ದರು.

"ಅತ್ಯಾ, ಕಂಪ್ಯೂಟರ್ ಡಬ್ಬಿ ಹಿಂದ ಹಸಿರು ದೀಪ ಹತ್ತೇದೇನ್ರಿ?"

"ಯಾವ ದೀಪಾನೂ ಇಲ್ಲ."

"ತಂತಿ ಗಟ್ಟಿ ಕೂತದೇನು?"

"ಕೂತದ. ನಾನೇ ಒತ್ತೀನಿ."

"ನೀವೇನರೆ ಮಾಡೀರೇನ್ರಿ ಅದಕ್ಕ?"

"ಎಲ್ಲಾ ಬಂದೋಬಸ್ತ್ ಮಾಡೀನಿ ತಾಯಿ. ನೀ ನಿನ್ನ ಕೆಲಸ ನೋಡು."

ಬಂದೋಬಸ್ತ್. ಆ ಮಾತು ಎದೆಯಲ್ಲಿ ಮುಳ್ಳಿನಂತೆ ನೆಟ್ಟಿತು. ಶ್ರೀವಾಣಿ ತಂತಿಯ ತನ್ನ ಕಡೆಯ ತುದಿ ಕಿತ್ತು ಮತ್ತೆ ಚುಚ್ಚಿದಳು. ಎರಡೂ ಕಂಪ್ಯೂಟರಿನ ನೆಟ್‌ವರ್ಕ್ ನಂಬರುಗಳನ್ನು ಬರೆದಿಟ್ಟ ಚೀಟಿಯೊಂದಿಗೆ ತಾಳೆ ನೋಡಿದಳು. ಸರಿಯಾಗಿದ್ದವು. ಆಫೀಸಿಗೆ ಫೋನು ಮಾಡಿದರೆ ವಿಠ್ಠಲ್ ನಕ್ಕ. "ನಾಲ್ಕನೇ ದಿನ ನಾ ನೋಡಿದಾಗೆಲ್ಲ ಛಲೋ ನಡೀತದ. ನಿನಗೇ ಬರೂದಿಲ್ಲ ಬಿಡು."

ನಿಜ. ನಾಲ್ಕನೇ ದಿನ ತಲೆಗೆ ನೀರೆರೆದುಕೊಂಡು ಒಳಗೆ ಬಂದರೆ ಎಲ್ಲವೂ ನಡೆಯುತ್ತಿತ್ತು. ಯಂತ್ರಕ್ಕೂ ಮಡಿ ಕಲಿಸಿದ್ದಾರೆ ಅನ್ನಿಸಿತು ಅವಳಿಗೆ.

ನಾಲ್ಕು ಗಂಟೆಗೆ ನೂರಜಹಾನ್ ಟೀಚರ್ ಬಂದರು, ಅರ್ಧವಾರ್ಷಿಕ ಪರೀಕ್ಷೆಯ ಪ್ರಶ್ನೆಪತ್ರಿಕೆಗಳಿಗಾಗಿ. ಕಟ್ಟೆಯ ಮೇಲೇ ಕುಳಿತರು.

"ಹಿಂದ ಎರಡು ಸಲ ಹೇಳಿದ ದಿನ ತಪ್ಪಿತು ಬಾಯಿ. ಇವತ್ತೂ ಇಲ್ಲಾಂದ್ರ ಬಸ್‌ಸ್ಟ್ಯಾಂಡಿನ ಅಂಗಡಿಗೇ ಕೊಟ್ಟುಬಿಡ್ರಿ ಅಂದಾರ ನಮ್ಮ ಹೆಡ್‌ಮಾಸ್ತರು. ಆಮ್ಯಾಲ ನನ್ನ ಮ್ಯಾಲ ಸಿಟ್ಟಾಗಬ್ಯಾಡ್ರಿ ಮತ್ತ."

ಯಾರ ಸೊಸೆ, ಯಾರ ಹೆಂಡತಿ ಎಂದು ಕೇಳದೆ, ಶ್ರೀವಾಣಿ ಎಂಬ ಹೆಸರನ್ನೇ ಹುಡುಕಿಕೊಂಡು ಬಂದ ಒಂದೇ ಕೆಲಸ ಅದು.

"ನಡೀತೇನ ವಾಣಿ?" ಒಳಗಿನಿಂದ ಅತ್ತೆ ಐದನೇ ಸಲ ಕೇಳಿದರು. ಅಣಕಿಸಿದ ಹಾಗೆ.

ಶ್ರೀವಾಣಿ ಎದ್ದಳು. ಹೊಸ್ತಿಲು ದಾಟಿದಳು. ಮದುವೆಯಾದ ಏಳು ವರ್ಷಗಳಲ್ಲಿ, ಆ ಮೂರು ದಿನದೊಳಗೆ ಮೊದಲ ಸಲ.

"ಅಯ್ಯೋ, ಅಲ್ಲೇ ನಿಂದರು!" ರುಕ್ಮಿಣಿಬಾಯಿ ಗೋಡೆಗೆ ಒತ್ತಿ ನಿಂತರು.

ಅವಳು ನಿಲ್ಲಲಿಲ್ಲ. ಕಂಪ್ಯೂಟರಿನ ಹಿಂದೆ ಕೈಹಾಕಿ ತಂತಿ ಕಿತ್ತಳು. ತಂತಿ ಕೂಡುವ ತೂತಿನೊಳಗೆ ಏನೋ ಮೆತ್ತಗಿನದು ತುರುಕಿಕೊಂಡಿತ್ತು. ಹೇರ್‌ಪಿನ್ನಿನಿಂದ ಎಳೆದಳು. ಉಣ್ಣೆಯ ಎಳೆಗಳು. ನೆಲಕ್ಕೆ ಎಸೆದು ತಂತಿ ಚುಚ್ಚಿದಳು. ಹಸಿರು ದೀಪ ಹತ್ತಿತು. ಕಳಿಸಿಟ್ಟಿದ್ದ ಮೊದಲ ಪುಟ ಪ್ರಿಂಟರಿನಿಂದ ಕಿರುಗುಟ್ಟುತ್ತ ಇಳಿಯತೊಡಗಿತು.

"ನನ್ನ ಕೆಲಸ ನಿಲ್ಲಸಾಕ ಇಷ್ಟೆಲ್ಲಾ ಮಾಡಿದ್ರೇನ್ರಿ ಅತ್ಯಾ?"

ರುಕ್ಮಿಣಿಬಾಯಿ ಆ ದೀಪವನ್ನೇ ನೋಡುತ್ತಿದ್ದರು.

"ಉಣ್ಣಿ ಅಡ್ಡ ಇದ್ರ ಮೈಲಿಗಿ ದಾಟೂದಿಲ್ಲವಾ, ಆ ತಂತಿ ಕೀಳೂ ಪ್ರಸಂಗ ಬರಬಾರದು, ಮೂರು ದಿನಾನೂ ನಿನ್ನ ಕೆಲಸ ನಡೀಲಿ ಅಂತ ಪೂಜಿಗಿ ಉಡೂ ನನ್ನ ಮಡಿ ಧಾಬಳಿ ಹರದು ನಾಲ್ಕನೇ ದಿನದ ತನಕ ಇಡತಿದ್ದೆ."