‘ವೇಟ್’ ಹಾಕಿ ವಾಕ್ಯ ಮಾಡು

ಮರುದಿನ ಇಂಗ್ಲಿಷ್ ಪರೀಕ್ಷೆ. ಜಲಜಾಕ್ಷಿ ಹುರುಳಿಕಾಯಿ ನಾರು ತೆಗೆಯುತ್ತಲೇ ನಾಲ್ಕನೇ ಕ್ಲಾಸಿನ ಮಗಳಿಂದ ಪಾಠ ಒಪ್ಪಿಸಿಕೊಳ್ಳುತ್ತಿದ್ದಳು. ಗಂಡ ಇನ್ನೂ ಕೆಲಸದಿಂದ ಬಂದಿರಲಿಲ್ಲ.

“‘ವೇಟ್’ ಹಾಕಿ ವಾಕ್ಯ ಮಾಡು, ಪುಟ್ಟಿ.”

ಕಿಟಕಿಯ ಕಟ್ಟೆ ಮೇಲೆ ಕೂತಿದ್ದ ಚಿನ್ಮಯಿ ತಡವರಿಸಲಿಲ್ಲ. “ಐ ವೇಟ್ ಫಾರ್ ದ ಬಸ್.”

“ಸರಿ. ಇನ್ನೊಂದು?”

“ಎ ಮ್ಯಾನ್ ವೇಟ್ಸ್ ಫಾರ್ ಮಿ.”

ಜಲಜಾಕ್ಷಿ ನಕ್ಕಳು. “ಯಾವನೋ ಯಾಕೆ ಕಾಯ್ತಾನೆ? ‘ಮೈ ಫಾದರ್’ ಅನ್ನು.”

“ಅಪ್ಪ ಅಲ್ಲಮ್ಮ, ಬೇರೆ ಅಂಕಲ್. ಸ್ಕೂಲ್ ಗೇಟ್ ಹತ್ರ ನಿಂತಿರ್ತಾರೆ.”

ನಾರು ತೆಗೆಯುತ್ತಿದ್ದ ಕೈ ನಿಂತಿತು. “ಯಾವತ್ತೋ ಒಂದಿನ ನಿಂತಿದ್ರೆ ‘ವೇಟೆಡ್’ ಅನ್ಬೇಕು.”

“ದಿನಾ ಮಾಡೋದಕ್ಕೆ ‘ವೇಟ್ಸ್’ ಅಂತ ಮಿಸ್ಸೇ ಹೇಳಿಕೊಟ್ಟಿದ್ದಾರೆ. ಅವರು ದಿನಾ ಇರ್ತಾರೆ. ನನ್ನ ಹೆಸರೂ ಗೊತ್ತು ಅವರಿಗೆ.”

ಜಲಜಾಕ್ಷಿ ಹುರುಳಿಕಾಯಿ ಬದಿಗಿಟ್ಟಳು. “ನಾಳೆಯಿಂದ ನಾನೇ ಬಂದು ಕರ್ಕೊಂಡು ಬರ್ತೀನಿ. ನಮ್ಮ ಮನೆ ಎಲ್ಲಿ ಅಂತ ಅವನಿಗೆ ಹೇಳಿದ್ಯಾ?”

“ಇಲ್ಲಮ್ಮ.” ಮಗಳು ಕಿಟಕಿಯಿಂದ ಕೆಳಗೆ ನೋಡಿ ಯಾರಿಗೋ ಕೈ ಬೀಸಿದಳು. “ಆದ್ರೆ ಈಗ ಮಾಡ್ತಾ ಇರೋದಕ್ಕೆ ‘ಈಸ್ ವೇಟಿಂಗ್’ ಅನ್ಬೇಕು, ಅಲ್ವಾ?”