ಹೆಸರು ಹಿಡಿದು

“ಗಂಡನ ಹೆಸರೇನಮ್ಮ?” ಎಂದು ಡಾಕ್ಟರು ಕೇಳಿದ್ದಕ್ಕೆ ಗುರುಸಿದ್ದಮ್ಮ ತನ್ನ ಹಣೆ ಮುಟ್ಟಿ ತೋರಿಸಿದಳು. ಹೊಳೆನರಸೀಪುರದ ಆಸ್ಪತ್ರೆಗೆ ಹೊಸದಾಗಿ ಬಂದಿದ್ದ ಡಾಕ್ಟರ್ ಸಂಪತ್ಕುಮಾರ ‘ತಲೆನೋವು’ ಎಂದು ಬರೆದುಕೊಂಡರು. ಹಣೆಗಣ್ಣಿನ ಶಿವನ ಹೆಸರು ಅದು ಎಂದು ಕಾಂಪೌಂಡರ್ ಬಿಡಿಸಿ ಹೇಳಿದ ಮೇಲೆ ಹೊಡೆದು ಹಾಕಿ ‘ಪಾಲಾಕ್ಷ’ ಎಂದು ತಿದ್ದಿದರು. ಪಕ್ಕದಲ್ಲೇ ಕೂತಿದ್ದ ಪಾಲಾಕ್ಷನನ್ನೇ ಕೇಳಬಹುದಿತ್ತಲ್ಲ ಎನ್ನಬೇಡಿ. ಎರಡು ಸಲ ಕೇಳಿಯಾಗಿತ್ತು. ಅವನು ಕಿಟಕಿಯಾಚೆ ನೋಡುತ್ತಿದ್ದ.

ಹದಿನಾಲ್ಕು ವರ್ಷದಿಂದ ಅಕ್ಕಿ ಮಿಲ್ಲಿನ ಎಂಜಿನ್ ಓಡಿಸುವವನು ಪಾಲಾಕ್ಷ. ಹೋದ ವಾರ ಬೆಲ್ಟು ಕಿತ್ತು ಬಂದಾಗ ಹತ್ತು ಆಳು ಒಟ್ಟಿಗೆ ಕಿರುಚಿದರೂ ಬೆನ್ನು ಹಾಕಿಕೊಂಡು ಎಣ್ಣೆ ಬಿಡುತ್ತಲೇ ಇದ್ದ, ಕೂದಲೆಳೆಯಲ್ಲಿ ಉಳಿದುಕೊಂಡ. ಕಿವಿ ಸರಿಯಾಗಿದೆ ಎಂದು ಡಾಕ್ಟರ ಚೀಟಿ ತರದೆ ಎಂಜಿನ್ ಮನೆಗೆ ಕಾಲಿಡಬೇಡ ಎಂದುಬಿಟ್ಟಿದ್ದರು ಸಾಹುಕಾರರು. ಆ ಎಂಜಿನ್ನೆಂದರೆ ಅವನಿಗೆ ಪ್ರಾಣ. ಗುರುಸಿದ್ದಮ್ಮನಿಗೆ ಅವನೆಂದರೆ ಪ್ರಾಣ.

“ನನ್ ಕಿವಿಗೇನೂ ಆಗಿಲ್ಲ ಸಾ!” ಪಾಲಾಕ್ಷ ಹೊಳೆಯಾಚೆಗೂ ಕೇಳುವಂತೆ ಹೇಳಿದ. “ಇವ್ಳೇ ಈಚೀಚೆಗೆ ಮೆಲ್ಲಗೆ ಮಾತಾಡ್ತಾಳೆ.”

“ಎಂಜಿನ್ ನಿಂತ್ರೂ ಕಿವಿಯೊಳಗೆ ಓಡ್ತಾನೇ ಇರ್ತದಂತೆ ಸಾ,” ಎಂದಳು ಗುರುಸಿದ್ದಮ್ಮ. “ನಿದ್ದೆ ಇಲ್ಲ. ಸುಮ್‌ಸುಮ್ನೆ ರೇಗ್ತಾರೆ, ಆಮ್ಯಾಕೆ ತಾವೇ ಅಳ್ತಾರೆ.”

“ಸದ್ದೂ ಒಂದು ವಿಷವೇ ಕಣಮ್ಮ. ತೊಟ್ಟು ತೊಟ್ಟಾಗಿ ಇಳಿಯುತ್ತೆ.”

ಎದುರು ಕೂತು ಕೇಳಿದ ಪ್ರಶ್ನೆಗೆಲ್ಲ ಪಾಲಾಕ್ಷ ಸರಿಯಾಗಿಯೇ ಉತ್ತರ ಕೊಟ್ಟ. ಅವನ ಕಣ್ಣು ತಮ್ಮ ತುಟಿಯ ಮೇಲೇ ಇದ್ದದ್ದು ಡಾಕ್ಟರಿಗೆ ಗೊತ್ತಾಗದೆ ಹೋಗಲಿಲ್ಲ. ಬಿಡಿಬಿಡಿಯಾಗಿ ಹೇಳಿದರು: “ಗೋಡೆ ಕಡೆ ತಿರುಗಿ ಕೂತ್ಕೋ. ನಿನ್ನ ಹೆಂಡತಿ ಹೆಸರು ಹಿಡಿದು ಕರೀತಾಳೆ. ಕೇಳಿಸಿದ ತಕ್ಷಣ ಕೈ ಎತ್ತು. ಚೀಟಿ ಬರೆದುಕೊಡ್ತೀನಿ.”

“ಇವ್ಳಾ? ಕರೀತಾಳಾ?” ಪಾಲಾಕ್ಷ ಹೊಟ್ಟೆ ಹಿಡಿದುಕೊಂಡು ನಕ್ಕ. ನಗುತ್ತಲೇ ಸ್ಟೂಲು ತಿರುಗಿಸಿ ಕೂತ.

ಗುರುಸಿದ್ದಮ್ಮನ ಮುಖ ಕೆಂಪೇರಿತು. “ಬ್ಯಾಡಿ ಸಾ. ಗಂಡನೆಸ್ರು ಬಾಯ್ಬುಟ್ಟು ಏಳುದ್ರೆ ಅವ್ರ ಆಯಸ್ಸು ಕಮ್ಮಿಯಾಯ್ತದೆ.”

“ಆ ಬೆಲ್ಟಿಗೆ ಸಿಕ್ಕಿದ್ದರೆ ಜಾಸ್ತಿಯಾಗ್ತಿತ್ತಾ? ಬೇರೆ ಮಾತಾದರೆ ಊಹೆ ಮೇಲೆ ಏನಾದರೂ ಹೇಳಿಬಿಡ್ತಾನೆ. ತನ್ನ ಹೆಸರು ಕೇಳಿದರೆ ಎಂಥವನೂ ಅಲ್ಲಾಡದೆ ಇರಲ್ಲ. ಕರೆಯಮ್ಮ.”

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಮನೆದೇವರಿಗೆ ಮನಸ್ಸಿನಲ್ಲೇ ತಪ್ಪೊಪ್ಪಿಕೊಂಡು ಕರೆದಳು. ಮೊದಲ ಸಲ ಅದು ತುಟಿ ದಾಟಲಿಲ್ಲ. ಎರಡನೆಯ ಸಲ ಡಾಕ್ಟರಿಗೆ ಸ್ಪಷ್ಟವಾಗಿ ಕೇಳಿಸಿತು. ಗೋಡೆಗೆ ಮುಖ ಮಾಡಿದ್ದವನ ಬೆನ್ನು ಅಲ್ಲಾಡಲಿಲ್ಲ. ಆಗ ಅವಳಿಗೆ ಹೆದರಿಕೆಯಾಯಿತು. ನಾಚಿಕೆಯೆಲ್ಲ ಎಲ್ಲಿ ಹೋಯಿತೋ, ಎದೆ ತುಂಬ ಉಸಿರು ತೆಗೆದುಕೊಂಡು “ಪಾಲಾಕ್ಷಾ!” ಎಂದು ಕೂಗಿದಳು. ಹೊರಗೆ ಬೆಂಚಿನ ಮೇಲೆ ಕೂತಿದ್ದವರೆಲ್ಲ ಎದ್ದು ಬಂದು ಬಾಗಿಲಲ್ಲಿ ಇಣುಕಿದರು. ಯಾರದೋ ಕಂಕುಳಲ್ಲಿದ್ದ ಮಗು ಅಳತೊಡಗಿತು.

ಡಾಕ್ಟರು ಪೆನ್ನು ಕೆಳಗಿಟ್ಟರು. ಗುರುಸಿದ್ದಮ್ಮನ ಕಣ್ಣು ತುಂಬಿ ಬಂತು.

ಪಾಲಾಕ್ಷ ಇನ್ನೂ ಗೋಡೆಯನ್ನೇ ನೋಡುತ್ತಿದ್ದ. ಎಷ್ಟು ಹೊತ್ತಾದರೂ ಏನೂ ಕೇಳಿಸದೆ, ದನಿ ತಗ್ಗಿಸಿದ್ದೇನೆ ಎಂದುಕೊಂಡೇ ಇಡೀ ಆಸ್ಪತ್ರೆಗೆ ಕೇಳುವಂತೆ ಅಂದ:

“ನಾಚ್ಕೋಬ್ಯಾಡ ಕಣಮ್ಮಿ, ಒಂದೇ ಒಂದ್ ಸಲ ಕೂಗು. ನಿನ್ ಬಾಯಲ್ಲಿ ನನ್ನೆಸ್ರು ಕೇಳ್ಬೇಕು ಅಂತ ಮದ್ವೆಯಾದ್ ದಿನದಿಂದ ಕಾಯ್ತಾ ಇವ್ನಿ.”