ಫೈಲು ಸಿಕ್ಕ ಜಾಗ

"ಶಹಜಾದಿ, ಮಾನ್ವಿ ಹತ್ತಿ ತೂಕದ ಫೈಲು ಎಲ್ಲಿ ಹೋತವಾ?" ಜಿನ್ನಿಂಗ್ ಮಿಲ್ಲಿನ ಸಾವ್ಕಾರ ಶಂಭುಲಿಂಗಪ್ಪನವರು ಹೊಸ ಕಂಪ್ಯೂಟರಿನ ಮುಂದೆ ನಿಂತು ಕೇಳಿದಾಗ ನೀಲಗಂಗಮ್ಮ ತುಟಿ ಕಚ್ಚಿ ನಗು ತಡೆದಳು. ಮುಂಜಾನೆ ಯಾರೂ ಇಲ್ಲದಾಗ ಅದನ್ನು ಕಂಪ್ಯೂಟರಿನೊಳಗೆ ಶಹಜಾದಿಯ ಹೆಸರಿನ ಡೈರೆಕ್ಟರಿ ಎಂಬ ಖಾನೆಯಿಂದ ತನ್ನ ಹೆಸರಿನದಕ್ಕೆ ಸಾಗಿಸಿದ್ದವಳು ಅವಳೇ. ಇಷ್ಟು ವರ್ಷ ಟೈಪ್ ಮಾಡಿದ ತನ್ನನ್ನು ಬಿಟ್ಟು, ಸಾವ್ಕಾರರು ಈಗ ಎಲ್ಲದಕ್ಕೂ ಮೊನ್ನೆ ಬಂದ ಈ ಹುಡುಗಿಯನ್ನೇ ಕರೆಯುತ್ತಿದ್ದರು.

"ತಡೀರಿ, ಇದಕ್ಕಽ ಹುಡುಕಾಕ ಹೇಳ್ತೀನಿ" ಎಂದು ಶಹಜಾದಿ ಒಂದೇ ಒಂದು ಸಾಲು ಟೈಪ್ ಮಾಡಿದಳು. ಕಂಪ್ಯೂಟರಿಗೆ ಹಾಗೂ ಹೇಳಬಹುದೆಂದು ನೀಲಗಂಗಮ್ಮನಿಗೆ ಗೊತ್ತೇ ಇರಲಿಲ್ಲ. ಕಪ್ಪು ಪರದೆಯ ಮೇಲೆ ಹಸಿರು ಅಕ್ಷರಗಳು ಮೂಡಿದವು. ಫೈಲಿನ ಹೆಸರಷ್ಟೇ ಅಲ್ಲ, ಅದು ಇದ್ದ ಡೈರೆಕ್ಟರಿಯ ಹೆಸರೂ ಇತ್ತು: ನೀಲಗಂಗಾ. ಕದ್ದ ಸೀರೆಯನ್ನು ತನ್ನ ಟ್ರಂಕಿನಲ್ಲೇ ಮಡಚಿಟ್ಟು ಸಿಕ್ಕಿಬಿದ್ದಂತಾಯಿತು.

ಶಹಜಾದಿ ಒಮ್ಮೆ ಅವಳ ಮುಖ ನೋಡಿದಳು. ಸಾವ್ಕಾರರು ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ಪರದೆ ಅಳಿಸಿಬಿಟ್ಟಳು. "ಸಿಕ್ತ್ರಿ. ನಾನಽ ಮರತು ಬ್ಯಾರೆ ಕಡಿ ಇಟ್ಟಿದ್ದೆ. ತಪ್ಪಾತ್ರಿ."

ಸಾವ್ಕಾರರು ಮೆಚ್ಚಿ ತಲೆದೂಗಿದರು. "ನೋಡ್ರಿ ನೀಲಗಂಗಮ್ಮ, ತಪ್ಪು ಒಪ್ಕೊಳ್ಳಾದು ಹೆಂಗಂತ ಈಕಿನ್ನ ನೋಡಿ ಕಲೀರಿ."